ಚಕ್ಕುಬಂದಿ

ಪೂರ್ವಕ್ಕೆ ಚೌಕಿಪೇಟೆ ರಸ್ತೆ,
ಪಶ್ಚಿಮಕ್ಕೆ ನನ್ನದೇ ಮಹಡಿ ಮೆಟ್ಟಿಲು, ಹತ್ತೊಂಬತ್ತು,
ಉತ್ತರಕ್ಕೆ ಕೊಟ್ರಬಸಪ್ಪನ ಎಣ್ಣೆ ಅಂಗಡಿ,
ದಕ್ಷಿಣಕ್ಕೆ ಬಚ್ಚಲ ನೀರು ಹೋಗುವ ಸಂದಿ.
ಈ ಮಧ್ಯದ ಹತ್ತಡಿ ಹದಿನಾಲ್ಕಡಿ ಕೋಣೆ
ಅರ್ಜಿದಾರಳಿಗೆ ಸ್ವಂತ ಉಪಯೋಗಕ್ಕೆ ಬೇಕಾಗಿದೆ
ಅಂತ ಬರೆದರು ವಕೀಲರು.
ಮಂಡಿನೋವು ಅಂತ ಬರೀರಿ ಅಂದೆ.
ಅದು ಸ್ವಂತ ಉಪಯೋಗದಲ್ಲೇ ಬಂತು ಟೀಚರ್ರೇ, ಅಂದರು.

ರಿಜಿಸ್ಟರ್ ಪೋಸ್ಟು ಬಂದದ್ದು ಮಂಗಳವಾರ.
ಮೇಲಿನಿಂದ ಬಗ್ಗಿ ನೋಡಿದೆ.
ಪೋಸ್ಟ್‌ಮ್ಯಾನ್‌ಗೆ ಸ್ಟೂಲು ಕೊಟ್ಟರು ಪಿಸೆ,
ತುಟಿಯಲ್ಲಿದ್ದ ಗುಂಡುಸೂಜಿ ತೆಗೆದು ಸಹಿ ಹಾಕಿದರು,
ಓದಿದರು, ಮಡಚಿ ಕ್ಯಾಲೆಂಡರಿನ ಹಿಂದಿಟ್ಟು
ಮತ್ತೆ ಪೆಡಲು ತುಳಿದರು.
ಆ ಸದ್ದಿಗೆ ನನ್ನ ನೆಲ ಇಪ್ಪತ್ತೆರಡು ವರ್ಷ ಅದುರಿದೆ.
ಒಂದನೇ ತಾರೀಖು ಎಂದಿನಂತೆ ಬಾಡಿಗೆ ಬಂತು.
ತಗೋಬೇಡಿ, ತಗೊಂಡರೆ ನೋಟೀಸು ಸತ್ತಹಾಗೆ
ಅಂದಿದ್ದರು ವಕೀಲರು.
ಹುಡುಗ ಮೆಟ್ಟಿಲ ಮೇಲೆ ನಿಂತೇ ಇದ್ದ,
ಮುಷ್ಟಿಯಲ್ಲಿ ಬೆವೆತ ಸಾವಿರದ ಎಂಟುನೂರು.

ಆಮೇಲೆ ವಾಯಿದೆ.
ಜಡ್ಜ್ ರಜೆ, ವಾಯಿದೆ. ಕರಾರು ಪತ್ರಕ್ಕೆ ಇಲಿ ಬಿದ್ದು, ವಾಯಿದೆ.
ಪಿಸೆಗೆ ಕಣ್ಣಿನ ಪೊರೆ, ಮೂರು ವಾಯಿದೆ.
ಜವಾನ ಬಾಗಿಲಲ್ಲಿ ನಿಂತು ಮೂರು ಸಲ ಕೂಗುತ್ತಾನೆ:
ಸರ್ವಮಂಗಳಾ ಕೋಂ ಲೇಟ್ ಹಾಲೇಶಪ್ಪಾ...
ಬದುಕಿನಲ್ಲಿ ಯಾರೂ ನನ್ನ ಇಷ್ಟು ಉದ್ದಕ್ಕೆ ಕರೆದಿರಲಿಲ್ಲ.
ಹೊಂಗೆ ಮರದ ಕೆಳಗೆ ಒಂದೇ ಬೆಂಚು.
ಅವರೊಂದು ತುದಿ, ನಾನೊಂದು ತುದಿ,
ನಡುವೆ ನನ್ನ ಕಾಗದದ ಚೀಲ.
ಒಮ್ಮೆ ಖಾರ ಮಂಡಕ್ಕಿ ಪೊಟ್ಟಣ ಬಿಚ್ಚಿ
ನಡುವಿಗೆ ಸರಿಸಿದರು, ಏನೂ ಹೇಳದೆ.
ತಿಂದೆ. ವಕೀಲರು ನೋಡ್ಯಾರು ಅಂತ ಹೆದರಿ ಹೆದರಿ ತಿಂದೆ.

ಪಾಟೀಸವಾಲು ನಡೆದದ್ದು ಐದನೇ ವರ್ಷ.
'ಈಗ ತೊಟ್ಟಿರೋ ರವಿಕೆ ಹೊಲಿದದ್ದು ಯಾರು ತಾಯಿ?'
ಸುಮ್ಮನಿದ್ದೆ.
'ಸಾಕ್ಷಿಗೆ ಕೇಳಿಸಿಲ್ಲ ಸ್ವಾಮಿ.'
ಎದುರುದಾರರು, ಅಂದೆ.
'ಯಾವಾಗ?'
ಹೋದ ತಿಂಗಳು.
ಇಡೀ ಕೋರ್ಟು ನಕ್ಕಿತು. ಬೆರಳಚ್ಚಿನವಳು ನಗದೆ
ಅದನ್ನೂ ಹೊಡೆದಳು.
ಪಿಸೆ ನನ್ನ ತೋಳಿನ ಹೊಲಿಗೆ ನೋಡುತ್ತಿದ್ದರು,
ಎಡಗಡೆ ಒಂದೆಳೆ ಎದ್ದಿತ್ತು.
ಬೇರೆ ಯಾರ ಹತ್ತಿರ ಹೋಗಲಿ?
ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ನನ್ನ ಬಲಭುಜ
ಎಡಕ್ಕಿಂತ ಅರ್ಧ ಇಂಚು ಕೆಳಗೆ.
ಅದು ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬರು, ಲೇಟ್ ಹಾಲೇಶಪ್ಪ.
ಇದನ್ನು ಯಾವ ವಕೀಲರೂ ಕೇಳಲಿಲ್ಲ.

ಡಿಕ್ರಿ. ಅಪೀಲು. ವಜಾ. ಅಮಲ್ಜಾರಿ ಅರ್ಜಿ.
ಅಮೀನ ಬಂದ, ಇಬ್ಬರು ಪೊಲೀಸರು, ಬೀಗ ಒಡೆಯುವವನೊಬ್ಬ.
ಒಡೆಯಲು ಬೀಗವೇ ಇರಲಿಲ್ಲ.
ಕೋಣೆ ಗುಡಿಸಿ, ನೀರು ಹಾಕಿ, ಹೊಸ್ತಿಲಲ್ಲಿ ಕೂತಿದ್ದರು.
ಬೀಗದವನು ಆದರೂ ಮುನ್ನೂರು ಕೇಳಿದ.
ಹೊಲಿಗೆ ಯಂತ್ರ ಎರಡು, ಕತ್ತರಿ ನಾಲ್ಕು,
ಇದ್ದಿಲ ಇಸ್ತ್ರಿ ಒಂದು, ವಿಠ್ಠಲ ರುಕ್ಮಾಯಿ ಪಟ ಒಂದು,
ಅಮೀನ ಬರೆದುಕೊಂಡ, ಆಪೆ ಗಾಡಿಗೆ ಎಲ್ಲ ಹತ್ತಿತು.
ಒಂದು ಗಂಟು ಮಾತ್ರ ಬಿಟ್ಟರು.
'ಹೊಲಿಸಿ ಒಯ್ಯದವರ ಬಟ್ಟೆ.
ಬಂದು ಕೇಳಿದರೆ ಕೊಟ್ಟುಬಿಡ್ರಿ ಟೀಚರ್ರೇ.'
ಪಂಚನಾಮೆಯಲ್ಲಿ ಗಂಟಿಗೆ ಜಾಗವಿರಲಿಲ್ಲ.
ಖಾಲಿ ಸ್ವಾಧೀನ ಪಡೆದಿದ್ದೇನೆ ಅಂತ ಸಹಿ ಹಾಕಿದೆ.

ಈಗ ಕೆಳಗೇ ಮಲಗುತ್ತೇನೆ.
ಗುಡಿಸಿದಷ್ಟೂ ನೆಲದ ಬಿರುಕಿನಿಂದ
ಗುಂಡುಸೂಜಿ ಬರುತ್ತವೆ; ಡಬ್ಬಿಯೊಂದು ತುಂಬಿದೆ.
ಸಂಜೆ ಯಾರಾದರೂ ಬಾಗಿಲು ಬಡಿಯುತ್ತಾರೆ,
ಪಿಸೆಯವರು ಇದ್ದಾರೇನ್ರಿ?
ನಿನ್ನೆ ಬಂದವಳು ಗಂಟಿನಿಂದ ಒಂದು ಲಂಗ ಎತ್ತಿ ಹಿಡಿದಳು.
ಕೇಸು ಹಾಕಿದ ವರ್ಷ ಹೊಲಿಯಲು ಕೊಟ್ಟದ್ದು,
ಆಮೇಲೆ ಹುಬ್ಬಳ್ಳಿಗೆ ವರ್ಗವಂತೆ.
ಮಗಳು ಪಕ್ಕದಲ್ಲೇ, ಎತ್ತರಕ್ಕೆ, ನಾಚಿ ನಿಂತಿದ್ದಳು.
ಅಂಚು ಬಿಚ್ಚಿ ನೋಡಮ್ಮ ಅಂದೆ,
ಒಳಗೆ ಬಟ್ಟೆ ಬಿಟ್ಟಿರುತ್ತಾರೆ ಅವರು.
ನಾಲ್ಕು ಬೆರಳು ಬಿಟ್ಟಿದ್ದರು.
ಸಾಲಲಿಲ್ಲ.